ಎತ್ತಿಕೊಂಡದ್ದನ್ನು ಕೆಳಗಿಡುವ ವ್ರತ

ಸಾಂಗ್ಲಿಯಿಂದ ಕೃಷ್ಣೆಯ ಸೇತುವೆ ದಾಟಿ ಆಷ್ಟಾ ಕಡೆ ಹೊರಟರೆ ಕಬ್ಬಿನ ಹೊಲಗಳ ನಡುವೆ ಕಸಬೆ ಡಿಗ್ರಜ ಸಿಗುತ್ತದೆ. ಅದೇ ಬಯಲಿನ ಇನ್ನೊಂದು ಊರು ಸಮಡೋಳಿ. 1924ರಲ್ಲಿ ಶಾಂತಿಸಾಗರರಿಗೆ ಆಚಾರ್ಯ ಪದವಿ ದೊರೆತದ್ದು ಅಲ್ಲಿ. ಈಗಿನ ಬೆಳಗಾವಿ ಜಿಲ್ಲೆಯ ಭೋಜ ಗ್ರಾಮದ ಪಾಟೀಲ ಮನೆತನದಲ್ಲಿ ಬೆಳೆದ ಅವರು 1920ರಲ್ಲಿ ಮುನಿದೀಕ್ಷೆ ಪಡೆದು, ಕ್ಷೀಣಿಸಿದ್ದ ದಿಗಂಬರ ಮುನಿ ಪರಂಪರೆಗೆ ಮತ್ತೆ ಜೀವ ತುಂಬಿದರು. ಕನ್ನಡ, ಮರಾಠಿ ಎರಡನ್ನೂ ಮನೆಮಾತಾಗಿ ಬಳಸುವ ಈ ಸೀಮೆಯ ಜೈನ ರೈತರಿಗೆ ಚಾತುರ್ಮಾಸದಲ್ಲಿ ಮುನಿಗಳು ಊರಿಗೆ ಬಂದು ನಿಲ್ಲುವುದು ಹೊಸ ಸಂಗತಿಯಲ್ಲ.

ದಿಗಂಬರ ಮುನಿಯ ಬಳಿ ಇರಬಹುದಾದ ವಸ್ತುಗಳು ಮೂರೇ: ನವಿಲುಗರಿಯ ಪಿಂಛಿ, ನೀರಿನ ಕಮಂಡಲು, ಓದುವ ಶಾಸ್ತ್ರ. ಕಮಂಡಲುವನ್ನು ಕೆಳಗಿಡುವ ಮೊದಲು ಮುನಿ ಬಾಗಿ ನೆಲ ನೋಡುತ್ತಾರೆ. ಇರುವೆಯೋ ಹುಳುವೋ ಇದ್ದರೆ ನೋವಾಗದಂತೆ ಸರಿಯಲಿ ಎಂದು ಪಿಂಛಿಯಿಂದ ಆ ಜಾಗವನ್ನು ಮೆಲ್ಲಗೆ ಸವರುತ್ತಾರೆ. ಆಮೇಲೆ ಇಡುತ್ತಾರೆ. ಎತ್ತುವಾಗಲೂ ಇದೇ ಕ್ರಮ. ಮುನಿಗಳ ಐದು ಸಮಿತಿಗಳಲ್ಲಿ ನಾಲ್ಕನೆಯದಾದ ಆದಾನ ನಿಕ್ಷೇಪಣ ಸಮಿತಿ ಎಂದರೆ ಇದು. ನಡಿಗೆಗೆ, ಮಾತಿಗೆ, ಆಹಾರಕ್ಕೆ, ವಿಸರ್ಜನೆಗೆ ಇರುವಂತೆಯೇ ವಸ್ತುವನ್ನು ಎತ್ತುವುದಕ್ಕೂ ಇಡುವುದಕ್ಕೂ ಪ್ರತ್ಯೇಕ ಎಚ್ಚರವಿದೆ.

ಎಲ್ಲವನ್ನೂ ಬಿಟ್ಟು ಬಂದವರಿಗೆ, ಉಳಿದ ಮೂರು ವಸ್ತುಗಳ ವಿಷಯದಲ್ಲಿ ಇಷ್ಟು ಬಿಗಿ ಯಾಕೆ? ಪ್ರಾಣಿದಯೆ ಮೊದಲ ಉತ್ತರ, ಅದು ಸರಿಯಾದ ಉತ್ತರವೂ ಹೌದು. ಇದರ ಜೊತೆಗೆ ಇನ್ನೊಂದು ಉತ್ತರವಿದೆ. ಅದನ್ನು ಕಾಣಲು ಬಸದಿಯಿಂದ ಬಹಳ ದೂರದ ಒಂದು ಜಾಗಕ್ಕೆ, ಕಂಪ್ಯೂಟರಿನ ಒಳಗೆ, ಹೋಗಿಬರಬೇಕಾಗುತ್ತದೆ.

ಇಂದು ಎಂಜಿನಿಯರಿಂಗ್ ಓದುವ ಮಕ್ಕಳಿಗೆಲ್ಲ ವರ್ಚುವಲ್ ಮಷೀನ್ ಪರಿಚಿತ. ಒಂದೇ ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ಇರುವಂತೆ ನಡೆಸುವ ವ್ಯವಸ್ಥೆ ಅದು. ಹೊರಗಿನ ನಿಜವಾದ ಯಂತ್ರ ಹೋಸ್ಟ್, ಒಳಗಿನ ಕಲ್ಪಿತ ಯಂತ್ರ ಗೆಸ್ಟ್. ಎರಡರ ನಡುವೆ ಗೋಡೆ ಇರುತ್ತದೆ. ಫೈಲುಗಳು ಮಾತ್ರ ಆಚೀಚೆ ಓಡಾಡಲಿ ಎಂದು ಆ ಗೋಡೆಯಲ್ಲಿ ಒಂದು ಕಿಂಡಿ ತೆರೆಯುತ್ತಾರೆ. ಅದು ಶೇರ್ಡ್ ಫೋಲ್ಡರ್. ಗೆಸ್ಟ್ ಕೇಳುತ್ತದೆ, ಹೋಸ್ಟ್ ತನ್ನ ಮೆಮರಿಯಲ್ಲಿ ಜಾಗ ಮಾಡಿಕೊಂಡು ಫೈಲನ್ನು ಓದಿ ಕೊಡುತ್ತದೆ. ಕೆಲಸ ಮುಗಿದ ಮೇಲೆ ಆ ಜಾಗವನ್ನು ಬಿಟ್ಟುಕೊಡಬೇಕು. ಬಿಡದೆ ಉಳಿದರೆ ಅದು ಮೆಮರಿ ಲೀಕ್.

ಸಾಂಗ್ಲಿಯವರಿಗೆ ಇದನ್ನು ಅರಿಸಿನದ ಪೇವಿನಿಂದ ವಿವರಿಸಬಹುದು. ಈ ಭಾಗ ಅರಿಸಿನದ ದೊಡ್ಡ ಪೇಟೆ. ಕಸಬೆ ಡಿಗ್ರಜದ ಕೃಷಿ ಸಂಶೋಧನಾ ಕೇಂದ್ರದಲ್ಲೂ ಸೋಯಾಬೀನ್ ಜೊತೆಗೆ ಅರಿಸಿನದ ಮೇಲೆ ಕೆಲಸ ನಡೆದಿದೆ. ಕೃಷ್ಣಾ–ವಾರಣಾ ಸಂಗಮದ ಹರಿಪುರದಲ್ಲಿ ನೆಲದೊಳಗೆ ತೋಡಿದ ಪೇವುಗಳಲ್ಲಿ ಅರಿಸಿನವನ್ನು ವರ್ಷಗಟ್ಟಲೆ ಇಡುತ್ತಿದ್ದರು. 2005ರ ಮಹಾಪೂರದಲ್ಲಿ ನೀರು ನುಗ್ಗಿ ಅವುಗಳಲ್ಲಿ ಎಷ್ಟೋ ಹಾಳಾದವು. ಪೇವಿನ ಬಾಯಿ ಮುಚ್ಚಿದ ಮೇಲೆ ಯಾವ ಪೇವು ಯಾರದು, ಯಾವ ಜಾಗದಲ್ಲಿದೆ ಎಂಬುದನ್ನು ತಿಳಿಸುವುದು ಲೆಕ್ಕದ ಚೀಟಿ. ಚೀಟಿ ಕಳೆದುಹೋಯಿತೆನ್ನಿ. ಪೇವು ತುಂಬಿಯೇ ಇದೆ. ಬೇರೆಯವರು ಅದನ್ನು ತೋಡುವಂತಿಲ್ಲ, ತನ್ನದೆಂದು ಹೇಳಿ ಖಾಲಿ ಮಾಡುವವರೂ ಇಲ್ಲ. ಲೀಕ್ ಆದ ಮೆಮರಿಯ ಸ್ಥಿತಿ ಇದೇ.

ಶೇರ್ಡ್ ಫೋಲ್ಡರ್‌ನಲ್ಲೇ ಹೀಗಾದ ದಾಖಲೆ ಇದೆ. ಕ್ಯೂಎಮು ಎಂಬ ತಂತ್ರಾಂಶ ಲಿನಕ್ಸ್ ಜಗತ್ತಿನಲ್ಲಿ ವರ್ಚುವಲ್ ಮಷೀನ್ ನಡೆಸಲು ಬಹಳ ಬಳಕೆಯಲ್ಲಿದೆ. ಅದರಲ್ಲಿ ಫೋಲ್ಡರ್ ಹಂಚಿಕೊಳ್ಳುವ ಒಂದು ವಿಧಾನಕ್ಕೆ 9ಪಿ ಎಂಬ ನಿಯಮಾವಳಿ ಆಧಾರ. ಅದು ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಪ್ಲ್ಯಾನ್ 9 ಎಂಬ ಆಪರೇಟಿಂಗ್ ಸಿಸ್ಟಂಗಾಗಿ ಹುಟ್ಟಿದ್ದು. 2016ರಲ್ಲಿ ಈ ಒಂದೇ ಭಾಗದಲ್ಲಿ ಹಲವು ಲೀಕ್‌ಗಳು ಬೆಳಕಿಗೆ ಬಂದವು. ಅವುಗಳಿಗೆ ಸುರಕ್ಷತಾ ದೋಷಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಸಂಖ್ಯೆಗಳೂ ಬಿದ್ದವು.

ಮೊದಲನೆಯ ಬಗೆ ಓದುವ ಕೆಲಸದಲ್ಲೂ ಬರೆಯುವ ಕೆಲಸದಲ್ಲೂ ಕಂಡಿತು. ಓದಲು ಎತ್ತಿಕೊಂಡ ಮೆಮರಿಯನ್ನು ಕೊನೆಗೆ ಬಿಡುಗಡೆ ಮಾಡುವ ಸಾಲೇ ಇರಲಿಲ್ಲ. ಬರೆಯುವಲ್ಲಿ ಎಲ್ಲ ಸುಸೂತ್ರವಾಗಿ ನಡೆದರೆ ಮೆಮರಿ ಬಿಡುಗಡೆಯಾಗುತ್ತಿತ್ತು. ಉತ್ತರವನ್ನು ಗೆಸ್ಟ್‌ಗೆ ಕಳಿಸುವಾಗ ತಪ್ಪು ಸಂಭವಿಸಿದರೆ ಮಾತ್ರ ಕೋಡ್ ಬೇರೆ ದಾರಿ ಹಿಡಿದು, ಬಿಡುವ ಸಾಲನ್ನು ಮುಟ್ಟದೆ ಹೊರಗೆ ಬರುತ್ತಿತ್ತು. ಎರಡನೆಯ ಬಗೆ ಫೈಲಿಗೆ ಇನ್ನೊಂದು ಹೆಸರು ಜೋಡಿಸುವ ಕೆಲಸದಲ್ಲಿ. ಒಂದು ವಸ್ತುವನ್ನು ಎಷ್ಟು ಮಂದಿ ಹಿಡಿದಿದ್ದಾರೆ ಎಂದು ಅಲ್ಲಿ ಎಣಿಕೆ ಇಡುತ್ತಾರೆ; ಎಣಿಕೆ ಸೊನ್ನೆಗೆ ಇಳಿದಾಗ ಮೆಮರಿ ತಾನಾಗಿ ಬಿಡುಗಡೆ. ಕೆಲಸ ಮುಗಿದ ಮೇಲೂ ಈ ಕೋಡ್ ತನ್ನ ಹಿಡಿತವನ್ನು ಎಣಿಕೆಯಿಂದ ಕಳೆಯುತ್ತಿರಲಿಲ್ಲ. ಎಣಿಕೆ ಎಂದೂ ಸೊನ್ನೆ ಆಗುತ್ತಿರಲಿಲ್ಲ. ಮೂರನೆಯದು ಫೈಲಿನ ಗುಣಲಕ್ಷಣ ಬರೆದಿಡುವ ಕಡೆ. ಅದೇ ಗುರುತಿಗೆ ಹಿಂದೆ ಕೊಟ್ಟ ಮೆಮರಿ ಇನ್ನೂ ಇರುವಾಗಲೇ ಗೆಸ್ಟ್ ಮತ್ತೆ ಕೇಳಿದರೆ, ಹಳೆಯದರ ವಿಳಾಸದ ಮೇಲೆ ಹೊಸದರ ವಿಳಾಸ ಬರೆದುಬಿಡುತ್ತಿತ್ತು. ಹಳೆಯದು ಎಲ್ಲಿದೆ ಎಂಬ ಗುರುತೇ ಅಳಿದುಹೋಗುತ್ತಿತ್ತು.

ಮೂರೂ ಕಡೆ ಕೇಳಿದ್ದು ಗೆಸ್ಟ್, ಸೋರಿದ್ದು ಹೋಸ್ಟಿನ ಮೆಮರಿ. ಗೆಸ್ಟ್ ಅನ್ನು ಒಳಗಿಂದ ರೀಸ್ಟಾರ್ಟ್ ಮಾಡಿದರೆ ಅದು ಹೊಸದಾಗಿ ಏಳುತ್ತದೆ. ಅದನ್ನು ಹೊತ್ತ ಕ್ಯೂಎಮು ಪ್ರೋಗ್ರಾಂ ಮುಂದುವರಿಯುವುದರಿಂದ ಭಾರ ಇಳಿಯುವುದಿಲ್ಲ. ದೇಹ ಬಿದ್ದರೂ ಕಾರ್ಮಣ ಶರೀರ ಜೀವದ ಜೊತೆಯೇ ಸಾಗುತ್ತದೆ ಎಂಬ ಜೈನ ಕಲ್ಪನೆಯನ್ನು ಬಲ್ಲವರಿಗೆ ಈ ಸ್ಥಿತಿ ಅಪರಿಚಿತ ಎನಿಸದು.

ಇಲ್ಲಿಂದ ಹುಟ್ಟುವ ಪ್ರಶ್ನೆ ಧರ್ಮಶಾಸ್ತ್ರದ್ದು. ನನ್ನದು ಎಂಬ ಭಾವನೆಯೇ ಇಲ್ಲದೆ ಹಿಡಿದಿಟ್ಟುಕೊಂಡ ವಸ್ತು ಪರಿಗ್ರಹವೇ?

ಉಮಾಸ್ವಾಮಿಯ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಪರಿಗ್ರಹವನ್ನು ವಸ್ತುವಿನಲ್ಲಿ ಹುಡುಕುವುದಿಲ್ಲ, ವಸ್ತುವಿನ ಮೇಲಿನ ಮೂರ್ಛೆಯಲ್ಲಿ, ಅಂದರೆ ಮೋಹದಲ್ಲಿ, ಹುಡುಕುತ್ತದೆ. ಈ ಅಳತೆಗೋಲಿನಲ್ಲಿ ಯಂತ್ರ ನಿರಪರಾಧಿ. ಅದಕ್ಕೆ ಆಸೆಯಿಲ್ಲ, ಮೋಹವಿಲ್ಲ. ಸೋರಿದ ಮೆಮರಿಯನ್ನು ಅದು ನೆನೆಯುವುದೂ ಇಲ್ಲ. ಹಾಗಾದರೆ ಮೂರ್ಛೆಯೇ ಇಲ್ಲದ ಸಂಗ್ರಹದಿಂದ ದೋಷವಿಲ್ಲ ಎನ್ನಬೇಕಾಗುತ್ತದೆ. ಮನಸ್ಸಿನಲ್ಲಿ ವಿರಕ್ತಿ ಇದ್ದರೆ ಮನೆ ತುಂಬಿದ್ದರೇನು ಎಂಬ ವಾದವೂ ಇದೇ ದಾರಿಯಲ್ಲಿ ಬರುತ್ತದೆ. ಈ ವಾದಕ್ಕೆ ಎಲ್ಲ ಧರ್ಮಗಳಲ್ಲೂ ಬೆಂಬಲಿಗರಿದ್ದಾರೆ. ಅದು ಅನುಕೂಲದ ವಾದ.

ಆದರೆ ತತ್ತ್ವಾರ್ಥಸೂತ್ರಕ್ಕೆ ಸರ್ವಾರ್ಥಸಿದ್ಧಿ ಎಂಬ ವ್ಯಾಖ್ಯಾನ ಬರೆದ, ಕನ್ನಡ ನಾಡಿನ ಜೈನ ಪರಂಪರೆ ತನ್ನವರೆಂದು ನೆನೆಯುವ ಪೂಜ್ಯಪಾದರು ಮೂರ್ಛೆಯನ್ನು ಬರೀ ಭಾವನೆಯಾಗಿ ಬಿಡುವುದಿಲ್ಲ. ಗಳಿಸುವುದು, ಕಾಯುವುದು, ಸಜ್ಜುಗೊಳಿಸುವುದು ಎಂಬ ವ್ಯಾಪಾರಗಳಲ್ಲಿ ಅದನ್ನು ಗುರುತಿಸುತ್ತಾರೆ. ದಿಗಂಬರ ಪರಂಪರೆ ಪರಿಗ್ರಹವನ್ನು ಇಪ್ಪತ್ನಾಲ್ಕಾಗಿ ಎಣಿಸುವಾಗ ಮಿಥ್ಯಾತ್ವ, ಕ್ರೋಧ, ಲೋಭದಂಥ ಹದಿನಾಲ್ಕು ಒಳಗಿನವುಗಳ ಜೊತೆಗೆ ಹೊಲ, ಮನೆ, ಚಿನ್ನ, ಧಾನ್ಯದಂಥ ಹತ್ತು ಹೊರಗಿನವುಗಳನ್ನೂ ಬಿಡದೆ ಸೇರಿಸಿತು. ದಿಗಂಬರರಿಗೂ ಶ್ವೇತಾಂಬರರಿಗೂ ಬಟ್ಟೆಯ ಬಗ್ಗೆ ಶತಮಾನಗಳಿಂದ ನಡೆದ ವಾದದ ತಿರುಳೂ ಇದೇ. ಮನಸ್ಸು ಬಿಟ್ಟಿದ್ದರೆ ಸಾಕು, ಮೈಮೇಲಿನ ಬಿಳಿ ವಸ್ತ್ರ ಮೋಕ್ಷಕ್ಕೆ ಅಡ್ಡಿಯಲ್ಲ ಎಂದಿತು ಒಂದು ಪಕ್ಷ. ಒಳಗೆ ಬಿಟ್ಟದ್ದು ನಿಜವಾದರೆ ಹೊರಗೆ ಉಳಿದದ್ದು ಯಾಕೆ ಎಂದು ಕೇಳಿತು ಇನ್ನೊಂದು ಪಕ್ಷ. ಸಮಡೋಳಿಯಂಥ ಊರುಗಳಲ್ಲಿ ದಿಗಂಬರ ಮುನಿಗಳು ನಡೆದುಹೋಗುವುದೇ ಈ ಎರಡನೆಯ ಪ್ರಶ್ನೆ.

ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗೆ ದಶಲಕ್ಷಣ ಪರ್ವ. ದಿನಕ್ಕೊಂದರಂತೆ ಹತ್ತು ಧರ್ಮಗಳ ಆರಾಧನೆ. ಎಂಟನೆಯ ದಿನದ್ದು ಉತ್ತಮ ತ್ಯಾಗ, ಒಂಬತ್ತನೆಯ ದಿನದ್ದು ಉತ್ತಮ ಆಕಿಂಚನ್ಯ. ತ್ಯಾಗ ಎಂದರೆ ಕೊಟ್ಟುಬಿಡುವುದು. ಆಕಿಂಚನ್ಯ ಎಂದರೆ ನನ್ನದೆಂಬುದು ಯಾವುದೂ ಇಲ್ಲವೆಂಬ ನಿಲುವು. ಮೇಲುನೋಟಕ್ಕೆ ಒಂದೇ ಸಂಗತಿಯನ್ನು ಎರಡು ದಿನ ಆಚರಿಸಿದಂತೆ ಕಾಣುತ್ತದೆ. ಪ್ರೋಗ್ರಾಂ ಬರೆಯುವವರ ಅನುಭವ ಇಲ್ಲಿ ನಿಜಕ್ಕೂ ಬೆಳಕು ಚೆಲ್ಲುತ್ತದೆ. ಅವರಲ್ಲೂ ಇವು ಎರಡು ಬೇರೆ ಕೆಲಸಗಳು: ಮೆಮರಿಯನ್ನು ಹಿಂದಿರುಗಿಸುವುದು ಒಂದು, ಅದರ ವಿಳಾಸವನ್ನು ಕೈಬಿಡುವುದು ಇನ್ನೊಂದು. ವಿಳಾಸ ಕೈಬಿಟ್ಟು ಮೆಮರಿ ಹಿಂದಿರುಗಿಸದಿದ್ದರೆ ಲೀಕ್. ಮೆಮರಿ ಹಿಂದಿರುಗಿಸಿಯೂ ವಿಳಾಸ ಹಿಡಿದುಕೊಂಡಿದ್ದರೆ ಅದಕ್ಕಿಂತ ಕೆಟ್ಟದ್ದು. ಅಷ್ಟರಲ್ಲಿ ಬೇರೆಯವರದಾಗಿರುವ ಜಾಗಕ್ಕೆ ಕೈ ಹಾಕಿ ಅವರ ಲೆಕ್ಕ ಕೆಡಿಸುವ ಅಪಾಯವಿದೆ. ಸುರಕ್ಷತಾ ದಾಳಿಗಳಲ್ಲಿ ಎಷ್ಟೋ ಈ ದಾರಿಯಿಂದಲೇ ಬರುತ್ತವೆ.

ಮನುಷ್ಯರಲ್ಲೂ ಎರಡೂ ಬಗೆಯವರಿದ್ದಾರೆ. ಕೊಟ್ಟ ದಾನವನ್ನು ಹತ್ತು ವರ್ಷವಾದರೂ ತನ್ನದೆಂದೇ ಹೇಳಿಕೊಂಡು, ಕಟ್ಟಿಸಿದ ಕೋಣೆಯ ಆಡಳಿತದಲ್ಲಿ ಮೂಗು ತೂರಿಸುವವರು ತ್ಯಾಗ ಮಾಡಿದ್ದಾರೆ, ಆಕಿಂಚನ್ಯ ಬಂದಿಲ್ಲ. ನನಗೇನೂ ಬೇಡ ಎನ್ನುತ್ತಲೇ ಹೆಸರಿನಲ್ಲಿ ಹೊಲ, ಬ್ಯಾಂಕಿನಲ್ಲಿ ಠೇವಣಿ, ಬೀರುವಿನಲ್ಲಿ ಮುಟ್ಟದ ಒಡವೆ ಇಟ್ಟುಕೊಂಡವರು ಆಕಿಂಚನ್ಯದ ಮಾತು ಆಡುತ್ತಾರೆ, ತ್ಯಾಗ ನಡೆದಿಲ್ಲ. ಹತ್ತರಲ್ಲಿ ಈ ಎರಡನ್ನೂ ಬೇರೆಬೇರೆಯಾಗಿ ಎಣಿಸಿದ ಹಿರಿಯರು ಒಂದು ಇನ್ನೊಂದರ ಲೆಕ್ಕ ತೀರಿಸುವುದಿಲ್ಲ ಎಂಬುದನ್ನು ಬಲ್ಲವರಾಗಿದ್ದರು.

ಹಾಗಾದರೆ ಯಂತ್ರದಲ್ಲಿ ಸೋರಿದ ಮೆಮರಿಯ ದೋಷ ಯಾರದ್ದು? ಜೈನ ಶಾಸ್ತ್ರ ಹಿಂಸೆಯನ್ನು ವಿವರಿಸುವಾಗ ಬಳಸುವ ಪ್ರಮಾದ ಎಂಬ ಮಾತು ಇಲ್ಲಿ ನೆರವಾಗುತ್ತದೆ. ಕೊಲ್ಲುವ ಇಚ್ಛೆ ಇಲ್ಲದಿದ್ದರೂ ಎಚ್ಚರ ತಪ್ಪಿದ್ದರೆ ಹಿಂಸೆಯ ಹೊಣೆ ತಪ್ಪದು. ಕೋಡ್ ಬರೆದವರಿಗೆ ಹೋಸ್ಟಿನ ಮೆಮರಿಯ ಮೇಲೆ ಮೋಹವಿರಲಿಲ್ಲ. ಎತ್ತುವಾಗ ಇದ್ದ ಎಚ್ಚರ ಇಡುವಾಗ ಇರಲಿಲ್ಲ, ಅಷ್ಟೇ. ಆದಾನ ನಿಕ್ಷೇಪಣ ಸಮಿತಿಯ ಎರಡನೆಯ ಉತ್ತರ ಈಗ ಕಾಣುತ್ತದೆ. ಮೋಹ ಹೋದ ಮೇಲೂ ಪ್ರಮಾದ ಉಳಿಯಬಹುದು. ಎಲ್ಲ ಬಿಟ್ಟು ಬಂದ ಮುನಿಗೂ ಪ್ರತಿ ಸಲ ಕಮಂಡಲು ಇಡುವಾಗ ಬಾಗಿ ನೋಡುವ ಕೆಲಸ ತಪ್ಪುವುದಿಲ್ಲ.

ಕ್ಯೂಎಮುವಿನ ಮೂರು ತಪ್ಪುಗಳಿಗೂ ಮುನಿಚರ್ಯೆಯಲ್ಲಿ ಎದುರು ನಿಲ್ಲುವ ಆಚರಣೆಗಳಿವೆ. ಚಾತುರ್ಮಾಸ ಮುಗಿದ ಮೇಲೆ ಪಿಂಛಿ ಪರಿವರ್ತನೆ ನಡೆಯುತ್ತದೆ. ಹೊಸ ಪಿಂಛಿ ಕೈಗೆ ಬರುವ ಸಂದರ್ಭದಲ್ಲೇ ಹಳೆಯದು ವ್ರತ ತೊಟ್ಟ ಶ್ರಾವಕರೊಬ್ಬರ ಕೈ ಸೇರುತ್ತದೆ. ಹೊಸದರ ಭರದಲ್ಲಿ ಹಳೆಯದು ಎಲ್ಲೋ ಉಳಿದುಹೋಗಲು ಅಲ್ಲಿ ಅವಕಾಶವಿಲ್ಲ. ಮೂರನೆಯ ತಪ್ಪಿನಲ್ಲಿ ಇಲ್ಲದೇ ಹೋದದ್ದು ಈ ಕ್ರಮ. ಕೆಲಸ ಮುಗಿದ ಮೇಲೂ ಹಿಡಿತ ಬಿಡದ ಎರಡನೆಯ ತಪ್ಪಿನ ಎದುರಿಗೆ ಶಾಂತಿಸಾಗರರ ಕೊನೆಯ ದಿನಗಳನ್ನು ಇಡಬಹುದು. 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನ ಕೈಗೊಂಡ ಅವರು ಆಚಾರ್ಯ ಪದವಿಯನ್ನು ಬದುಕಿರುವಾಗಲೇ ಶಿಷ್ಯ ವೀರಸಾಗರರಿಗೆ ಒಪ್ಪಿಸಿದರು. ಸೆಪ್ಟೆಂಬರ್ 18ರಂದು ದೇಹ ಬಿಡುವಾಗ ಬಿಡಲು ದೇಹವೊಂದೇ ಉಳಿದಿತ್ತು. ಇನ್ನು ಮೊದಲನೆಯ ಬಗೆಗೆ, ಅದರಲ್ಲೂ ಬರೆಯುವಾಗ ದಾರಿ ತಪ್ಪಿದರೆ ಮಾತ್ರ ಆಗುತ್ತಿದ್ದ ಸೋರಿಕೆಗೆ, ಪ್ರತಿಕ್ರಮಣವಿದೆ. ಮುನಿಗಳು ಹಗಲಿನ ದೋಷಗಳಿಗೆ ಸಂಜೆಯೂ ಇರುಳಿನ ದೋಷಗಳಿಗೆ ಬೆಳಗ್ಗೆಯೂ ಅದನ್ನು ಮಾಡುತ್ತಾರೆ. ಪಕ್ಷಕ್ಕೊಮ್ಮೆ, ನಾಲ್ಕು ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ ಬೇರೆ ಇವೆ. ತಿಳಿದು ಮಾಡಿದ್ದರ ಜೊತೆಗೆ ತಿಳಿಯದೆ ಆದದ್ದನ್ನೂ ಅಲ್ಲಿ ಒಪ್ಪಿಕೊಳ್ಳಬೇಕು. ಎಲ್ಲ ಸರಿಯಾಗಿ ನಡೆದ ದಿನ ಮನುಷ್ಯ ಸಹಜವಾಗಿ ತನ್ನ ಹೊರೆ ಇಳಿಸುತ್ತಾನೆ. ಜಗಳವಾಡಿ ಎದ್ದು ಬಂದ ದಿನ, ಕೆಲಸ ಅರ್ಧಕ್ಕೆ ನಿಂತ ದಿನ, ಅವಮಾನವಾದ ದಿನ ಇಳಿಸದೆ ಬರುವುದೇ ಹೆಚ್ಚು.

ಇದಕ್ಕೊಂದು ಬಲವಾದ ಆಕ್ಷೇಪವಿದೆ. ಪ್ರೋಗ್ರಾಂ ಮುಗಿದಾಗ ಅದು ಹಿಡಿದಿದ್ದ ಮೆಮರಿಯನ್ನೆಲ್ಲ ಆಪರೇಟಿಂಗ್ ಸಿಸ್ಟಂ ತಾನೇ ವಾಪಸು ಪಡೆಯುತ್ತದೆ. ಆದ್ದರಿಂದ ಕೆಲವೇ ಕ್ಷಣ ಓಡಿ ನಿಲ್ಲುವ ಪ್ರೋಗ್ರಾಂ ಒಂದೊಂದನ್ನೂ ಹಿಂದಿರುಗಿಸುವ ಕಷ್ಟ ಪಡಬೇಕಿಲ್ಲ ಎಂದು ಅನುಭವಿಗಳೇ ಹೇಳುತ್ತಾರೆ. ಮನುಷ್ಯರ ವಿಷಯದಲ್ಲೂ ಅದೇ: ಸಾವು ಹೇಗೂ ಎಲ್ಲವನ್ನೂ ಬಿಡಿಸುತ್ತದಲ್ಲ, ಮೊದಲೇ ಬಿಡುವ ಅವಸರ ಯಾಕೆ?

1992ರ ನವೆಂಬರ್ 4ರ ರಾತ್ರಿ ಲಂಡನ್ನಿನಲ್ಲಿ ಇದಕ್ಕೆ ಉತ್ತರ ಸಿಕ್ಕಿತು. ಅಲ್ಲಿನ ಆಂಬುಲೆನ್ಸ್ ಸೇವೆ ಅಕ್ಟೋಬರ್ 26ರಿಂದ ಹೊಸ ಕಂಪ್ಯೂಟರ್ ವ್ಯವಸ್ಥೆಗೆ ಹೊರಳಿ, ಮೊದಲ ದಿನಗಳಲ್ಲೇ ಕಂಗೆಟ್ಟಿತ್ತು. ನವೆಂಬರ್ 4ರಂದು ನಡುರಾತ್ರಿ ಎರಡು ಗಂಟೆ ದಾಟಿದ ಮೇಲೆ ಅದು ನಿಧಾನವಾಗುತ್ತ ಬಂದು ಪೂರ್ತಿ ನಿಂತಿತು. ಸಿಬ್ಬಂದಿ ಕಾಗದ, ಪೆನ್ನುಗಳಿಗೆ ಮರಳಬೇಕಾಯಿತು. 1993ರ ಫೆಬ್ರವರಿಯಲ್ಲಿ ಬಂದ ತನಿಖಾ ವರದಿ ಕಾರಣವನ್ನು ಬಿಡಿಸಿಟ್ಟಿತು: ಸುಮಾರು ಮೂರು ವಾರ ಮೊದಲು ವ್ಯವಸ್ಥೆಯ ಮೇಲೆ ಕೆಲಸ ಮಾಡಿದ ಪ್ರೋಗ್ರಾಮರ್ ಒಬ್ಬರು ಬಿಟ್ಟುಹೋದ ಒಂದು ತುಣುಕು ಕೋಡ್. ಪ್ರತಿ ಸಲ ವಾಹನ ಕಳಿಸುವ ಆದೇಶ ಹುಟ್ಟಿದಾಗ ಫೈಲ್ ಸರ್ವರಿನಲ್ಲಿ ಅದು ಸ್ವಲ್ಪ ಮೆಮರಿ ಹಿಡಿಯುತ್ತಿತ್ತು, ಬಿಡುತ್ತಿರಲಿಲ್ಲ. ಒಂದೊಂದು ಸಲದ್ದು ಲೆಕ್ಕಕ್ಕೇ ಬಾರದಷ್ಟು ಚಿಕ್ಕದು. ಮೂರು ವಾರಗಳಲ್ಲಿ ಜಾಗವೆಲ್ಲ ತುಂಬಿತು. ಕೊನೆಯಲ್ಲಿ ಎಲ್ಲವೂ ಬಿಡುಗಡೆಯಾಗುತ್ತದೆ ಎಂಬುದು ನಿಜ. ಆದರೆ ಆ ಕೊನೆಯನ್ನು ಹತ್ತಿರ ತಂದದ್ದು ಬಿಡದೆ ಉಳಿದ ಭಾರವೇ. ಅದರ ಬೆಲೆ ತೆರಬೇಕಾಗಿ ಬಂದವರು ಆ ರಾತ್ರಿ ಸಹಾಯಕ್ಕೆ ಕರೆ ಮಾಡುತ್ತಿದ್ದ ಊರಿನ ಜನ.

ಈ ಸಾಮಾಜಿಕ ಮುಖವನ್ನು ಕನ್ನಡದ ಇನ್ನೊಂದು ಪರಂಪರೆ ಇನ್ನೂ ನೇರವಾಗಿ ಹಿಡಿದಿದೆ. ಮಿರಜ, ಜತ್ತ ಸೀಮೆಯ ಲಿಂಗಾಯತ ಮನೆಗಳಲ್ಲೂ ಹನ್ನೆರಡನೆಯ ಶತಮಾನದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮನ ಕಥೆ ಪರಿಚಿತ. ಕಲ್ಯಾಣದಲ್ಲಿ ನೆಲಕ್ಕೆ ಬಿದ್ದ ಅಕ್ಕಿ ಆಯ್ದು ತಂದು ದಾಸೋಹ ಮಾಡುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಹೆಚ್ಚಿನದನ್ನು ಎಲ್ಲಿಂದ ತಂದೆಯೋ ಅಲ್ಲೇ ಸುರಿದು ಬಾ ಎಂದು ಕಳಿಸಿದಳು. ನಾಳೆಗೆ ಆಗುತ್ತದೆ, ದಾನಕ್ಕೇ ತಾನೇ ಎಂಬ ಸಮಾಧಾನ ಅವಳಿಗೆ ಸಾಲಲಿಲ್ಲ. ಬೇಕಾದಷ್ಟಕ್ಕಿಂತ ಹೆಚ್ಚು ಹಿಡಿದದ್ದು ಎಷ್ಟು ಒಳ್ಳೆಯ ಉದ್ದೇಶಕ್ಕಾದರೂ ಬೇರೆ ಯಾರದೋ ಪಾಲು. ಹಂಚಿಕೊಂಡು ಬದುಕುವ ಜಾಗದಲ್ಲಿ ಹೆಚ್ಚುವರಿಗೆ ಸಲ್ಲುವ ಸ್ಥಳ ಅದು ಬಂದ ಸ್ಥಳವೇ.

ಯಂತ್ರಗಳೇ ಮುಂದೆ ಈ ಎಚ್ಚರವನ್ನು ವಹಿಸಿಕೊಳ್ಳಲಾರವೇ? ಪ್ರಯತ್ನ ಹಳೆಯದು. 1960ರ ಹೊತ್ತಿಗೇ ಜಾನ್ ಮೆಕಾರ್ಥಿ ತಮ್ಮ ಲಿಸ್ಪ್ ಭಾಷೆಯಲ್ಲಿ, ಯಾರೂ ಹಿಡಿಯದ ಮೆಮರಿಯನ್ನು ಹುಡುಕಿ ತಾನೇ ಬಿಡಿಸುವ ವ್ಯವಸ್ಥೆ ತಂದಿದ್ದರು. 2015ರಲ್ಲಿ ಮೊದಲ ಸ್ಥಿರ ಆವೃತ್ತಿ ಕಂಡ ರಸ್ಟ್ ಭಾಷೆ ಒಂದು ಹೆಜ್ಜೆ ಮುಂದೆ ಹೋಗಿ ಒಡೆತನವನ್ನೇ ವ್ಯಾಕರಣದ ನಿಯಮ ಮಾಡಿತು: ಪ್ರತಿ ಮೌಲ್ಯಕ್ಕೂ ಒಬ್ಬ ಒಡೆಯ, ಒಡೆಯನ ಅವಧಿ ಮುಗಿದಾಗ ತಾನಾಗಿ ಬಿಡುಗಡೆ. ಹಿಂದಿರುಗಿಸಿದ್ದನ್ನು ಮತ್ತೆ ಮುಟ್ಟುವ ತಪ್ಪನ್ನು ಅದು ತನ್ನ ಸಾಮಾನ್ಯ ಕೋಡಿನಲ್ಲಿ ಸಾಧ್ಯವಾಗದಂತೆ ಮಾಡಿತು. ಆದರೆ ಲೀಕ್ ಅನ್ನು ನಿಷೇಧಿಸಲು ಅದಕ್ಕೂ ಆಗಲಿಲ್ಲ. ಎಣಿಕೆ ಇಟ್ಟು ಹಂಚಿಕೊಂಡ ಎರಡು ವಸ್ತುಗಳು ಒಂದನ್ನೊಂದು ಹಿಡಿದುಕೊಂಡು ಕೂತರೆ ಎಣಿಕೆ ಸೊನ್ನೆ ಆಗುವುದೇ ಇಲ್ಲ. ಆ ವರ್ಷ ಬಿಸಿ ಚರ್ಚೆ ನಡೆದು, ಮರೆತುಬಿಡುವುದು ಅಪಾಯಕಾರಿ ಕ್ರಿಯೆಗಳ ಪಟ್ಟಿಗೆ ಸೇರುವುದಿಲ್ಲ ಎಂದು ಭಾಷೆಯ ರಚನಕಾರರು ಒಪ್ಪಿಕೊಂಡರು. ಆಕಿಂಚನ್ಯದ ಬಹುಪಾಲನ್ನು ನಿಯಮದಿಂದ ತರಬಹುದು. ತ್ಯಾಗವನ್ನು ಪೂರ್ತಿಯಾಗಿ ನಿಯಮಕ್ಕೆ ವಹಿಸಲಾಗದು ಎಂಬುದು ಇದರಿಂದ ತಿಳಿಯುತ್ತದೆ.

ಹಾಗಾಗಿ ಹೊಣೆಯ ಪ್ರಶ್ನೆ ಮತ್ತೆ ಮನುಷ್ಯರ ಬಳಿಗೇ ಬರುತ್ತದೆ. ಜೈನ ಶಾಸ್ತ್ರ ಕರ್ಮದ ಹೊಣೆಯನ್ನು ಮೂರಾಗಿ ಹಂಚುತ್ತದೆ: ತಾನೇ ಮಾಡಿದ್ದು ಕೃತ, ಮಾಡಿಸಿದ್ದು ಕಾರಿತ, ಒಪ್ಪಿಕೊಂಡದ್ದು ಅನುಮೋದಿತ. ಶೇರ್ಡ್ ಫೋಲ್ಡರ್‌ನ ಸೋರಿಕೆಯಲ್ಲಿ ಮೂರೂ ಇವೆ. ಬಿಡುವ ಸಾಲನ್ನು ಬರೆಯದವರದು ಕೃತ. ಈ ದೋಷ ಗೊತ್ತಿದ್ದೇ ಗೆಸ್ಟ್ ಒಳಗಿಂದ ಮತ್ತೆ ಮತ್ತೆ ಕೇಳಿ ಹೋಸ್ಟಿನ ಮೆಮರಿ ಬರಿದು ಮಾಡುವ ದಾಳಿಕೋರನದು ಕಾರಿತ; ಕ್ಯೂಎಮುವಿನ ಲೀಕ್‌ಗಳನ್ನು ಸುರಕ್ಷತಾ ದೋಷವೆಂದು ಪಟ್ಟಿ ಮಾಡಿದ್ದು ಈ ಸಾಧ್ಯತೆಯ ಕಾರಣಕ್ಕೇ. ಮೂರನೆಯದು ಎಲ್ಲರಿಗೂ ಹತ್ತಿರದ್ದು. ಸರ್ವರ್ ದಿನಗಳೆದಂತೆ ಭಾರವಾಗುವುದು ಗೊತ್ತಿದ್ದೂ ಕಾರಣ ಹುಡುಕದೆ, ಪ್ರತಿ ರಾತ್ರಿ ತಾನಾಗಿ ರೀಸ್ಟಾರ್ಟ್ ಆಗುವಂತೆ ಹೊಂದಿಸಿಟ್ಟು ಮನೆಗೆ ಹೋಗುವ ರೂಢಿ ಕಚೇರಿಗಳಲ್ಲಿ ಸಾಮಾನ್ಯ. ತುರ್ತಿನ ದಿನ ಅದು ತಪ್ಪಲ್ಲ. ವರ್ಷಗಟ್ಟಲೆ ಹಾಗೇ ಮುಂದುವರಿದರೆ ಅದು ಅನುಮೋದನೆ. ಮನೆಯಲ್ಲಿ, ಟ್ರಸ್ಟಿನಲ್ಲಿ, ಸಹಕಾರಿ ಸಂಘದಲ್ಲಿ ಯಾರದೂ ಅಲ್ಲದೆ, ಯಾರೂ ಬಿಡದೆ ಉಳಿದಿರುವ ಜಾಗ, ಹಣ, ಅಧಿಕಾರಗಳ ಮುಂದೆಯೂ ಇದೇ ಮೂರು ಪ್ರಶ್ನೆಗಳನ್ನು ಕೇಳಬಹುದು: ಎತ್ತಿಕೊಂಡವರು ಯಾರು, ಎತ್ತಿಸಿದವರು ಯಾರು, ಗೊತ್ತಿದ್ದೂ ಸುಮ್ಮನಿದ್ದವರು ಯಾರು? ಮೂರನೆಯ ಪ್ರಶ್ನೆಗೆ ಬರುವ ಹೆಸರುಗಳ ಪಟ್ಟಿಯೇ ಹೆಚ್ಚಾಗಿ ಉದ್ದವಿರುತ್ತದೆ, ಮತ್ತು ಹಿಂದಿರುಗಿಸುವ ಕೆಲಸವನ್ನು ನಾಳೆಯೇ ಶುರುಮಾಡಲು ಸಾಧ್ಯವಿರುವವರೂ ಅವರೇ.